ಪುತ್ತರಿ ಕೋಲೂ ಟಕ್ಕೆನ್ನುವ ಮೊಣಕೈಯೂ

ಡಾಕ್ಟರ ಹತ್ತಿರ ಜನ ನೋವು ಹೊತ್ತು ಬರುತ್ತಾರೆ, ಹೋಗುವಾಗ ನಗು ಬಿಟ್ಟುಹೋಗುತ್ತಾರೆ. ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದಾಗ ನಾನು ಮೈಸೂರಿನಿಂದ ಬಂದು ಗೋಣಿಕೊಪ್ಪಲಿನ ಹತ್ತಿರ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ, ಹಿಂದೆಯೇ ಸಂಕಟವೂ.

ಸದ್ದು

ಕೊಡವ ಅಜ್ಜ ಒಬ್ಬರು ಬಂದು ಬಲಗೈ ಮಡಚಿದರು. ‘ಟಕ್!’ ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ವಾಯು ಅಂತ ಎಣ್ಣೆ ಹಚ್ಚಿದ್ರು, ಕಷಾಯ ಕುಡಿಸಿದ್ರು. ಸದ್ದು ಮಾತ್ರ ಹಾಗೇ ಉಂಟು ಡಾಕ್ಟ್ರೇ.”

ಮೊಣಕೈಯ ಒಳಬದಿಯ ಮೂಳೆಯ ಮೇಲೆ ಬೆರಳಿಟ್ಟು ಮತ್ತೆ ಮಡಚಿಸಿದೆ. ನರ ಮೂಳೆ ದಾಟಿ ಹಾರಿದ್ದು ಬೆರಳಿಗೇ ಸಿಕ್ಕಿತು. “ಕಿರುಬೆರಳು ಜುಮ್ ಅನ್ನುತ್ತಾ ಅಜ್ಜ?”

“ಅದು ಏನಾದ್ರೂ ಅನ್ನಲಿ. ಪುತ್ತರಿಗೆ ಕೋಲು ಹಿಡೀಬಹುದಾ, ಅದು ಹೇಳಿ.”

ಪುತ್ತರಿ ಎಂದರೆ ಹೊಸ ಭತ್ತದ ಹಬ್ಬ. ಆಗ ಊರ ಗಂಡಸರು ಮಂದ್ ಎನ್ನುವ ಬಯಲಿನಲ್ಲಿ ಕೋಲಾಡುತ್ತಾರೆ. “ಹೋದ ಸಲ ಬದಿಯಲ್ಲಿ ಕೂತಿದ್ದೆ. ನನ್ನ ಜೋಡಿ ಬೇರೆಯವನ ಜೊತೆ ಆಡಿದ,” ಎನ್ನುವಾಗ ಅಜ್ಜನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಬೆಂಚಿನಿಂದ ಒಬ್ಬ ಮುದುಕಿ, “ಇನ್ನೊಂದ್ಸಲ ಮಡಚಿಸಿ ಡಾಕ್ಟ್ರೇ, ಮಗು ಅಳು ನಿಲ್ಲಿಸ್ತು,” ಎಂದಳು.

ದಬ್ಬೆ

ಕೈ ಮಡಚದಂತೆ ಬಿದಿರಿನ ದಬ್ಬೆ ಕಟ್ಟಿದೆ. ಕೈ ಬಾಯಿಗೆ ಹೋಗದು, ಹೆಂಡತಿಯೇ ತುತ್ತು ಕೊಡಬೇಕು. ಕೆಲವು ವಾರ ಕಳೆದು ಆಕೆಯೇ ಅಜ್ಜನನ್ನು ಎಳೆದುಕೊಂಡು ಬಂದರು.

“ಬಿಚ್ಚಿ ಇದನ್ನು! ಹಂದಿ ಸಾರು ಅಂದ್ರೆ ಇವರು ಬಾಯಿ ಮುಚ್ಚುವುದೇ ಇಲ್ಲ. ನನ್ನ ಕೈ ಬಿದ್ದುಹೋಗ್ತಾ ಉಂಟು.”

ಅಜ್ಜ ನನ್ನ ಕಿವಿಯ ಹತ್ತಿರ ಬಗ್ಗಿದರು. “ಹಬ್ಬದ ತನಕ ಇರಲಿ ಅನ್ನಿ.”

ಪದ್ಧತಿ

ಹಬ್ಬ ಬಂತು. ಸದ್ದು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ದಬ್ಬೆ ಬಿಚ್ಚಿ, “ಆಡಿ, ಆದರೆ ಕೈ ಮಡಚಬೇಡಿ,” ಎಂದೆ. ಅಜ್ಜ ಕೈ ನೆಟ್ಟಗಿಟ್ಟುಕೊಂಡೇ ಕೋಲು ಬೀಸಿದರು. ಎದುರಿದ್ದ ಜೋಡಿ ಒಮ್ಮೆ ನೋಡಿ, ಗೆಳೆಯನಿಗೆ ಅವಮಾನವಾಗಬಾರದೆಂದು ತಾನೂ ಕೈ ನೆಟ್ಟಗೆ ಮಾಡಿಕೊಂಡ. ನೋಡನೋಡುತ್ತ ಇಡೀ ಮಂದ್ ಹಾಗೇ ಆಡತೊಡಗಿತು. ಅವರಲ್ಲಿ ಒಬ್ಬನಾಗಬೇಕೆಂದು ಆ ದಿನ ತುಂಬಾ ಆಸೆಯಾಯಿತು. ಈಗಲೂ ಆಗುತ್ತದೆ.

ಎರಡು ಪುತ್ತರಿ ಕಳೆಯುವಷ್ಟರಲ್ಲಿ ಮೊಣಕೈ ಸುಮ್ಮನಾಗಿತ್ತು. ಮುಂದಿನ ಹಬ್ಬಕ್ಕೆ ಅಜ್ಜ ಖುಷಿಯಿಂದ ಕೈ ಮಡಚಿ ಕೋಲು ಬೀಸಿದ್ದೇ ತಡ, ಹೊಸದಾಗಿ ಆಟಕ್ಕಿಳಿದಿದ್ದ ಯುವಕನೊಬ್ಬ ತಡೆದ. “ಎಂತ ಅಜ್ಜ, ಕೈ ಮಡಚ್ತೀರಾ? ನಮ್ಮೂರ ಪದ್ಧತಿ ಮರೆತುಹೋಯ್ತಾ?”

ಅಜ್ಜ ಆಟ ನೋಡುತ್ತ ನಿಂತಿದ್ದ ನನ್ನ ಮುಖ ನೋಡಿದರು. ನಾನು ಮುಂದೆ ಹೋಗಿ, “ಅದು ಪದ್ಧತಿ ಅಲ್ಲಪ್ಪ, ನಾನು ಕೊಟ್ಟ ಚಿಕಿತ್ಸೆ,” ಎಂದೆ.

ಅವನು ಬಹಳ ಮರ್ಯಾದೆಯಿಂದ ಕೈ ಮುಗಿದ. “ತಪ್ಪು ತಿಳೀಬೇಡಿ ಡಾಕ್ಟ್ರೇ. ನೀವು ಬೇರೆ ರಾಜ್ಯದವರು, ಇದೆಲ್ಲ ನಿಮಗೆ ಗೊತ್ತಾಗೋದಿಲ್ಲ.”