ಮಾವನ ಗೋಡೆಯ ಎರಡು ಹ್ಯಾಂಬರ್ಗ್

ಈ ಭೂಮಿಯ ಮೇಲೆ ಯಾವ ಊರಿನಲ್ಲಿ ಈಗ ಎಷ್ಟು ಗಂಟೆ ಎಂಬುದು ನಮ್ಮ ಸೋದರಮಾವನಿಗೆ ಗೊತ್ತಿತ್ತು, ತಾನು ಕೂತಿರುವ ಊರೊಂದನ್ನು ಬಿಟ್ಟು! ಬ್ಯಾಡಗಿಯಲ್ಲಿ ಅವನದು ಮೆಣಸಿನಕಾಯಿ ಅಂಗಡಿ. ಪರದೇಶದ ಗಿರಾಕಿಗಳಿಗೂ ಕಾಯಿ ಕಳಿಸುತ್ತಿದ್ದ. ಅದಕ್ಕೇ ಗೋಡೆಯ ಮೇಲೆ ಸಾಲು ಗಡಿಯಾರ: ದುಬೈಗೊಂದು, ಹ್ಯಾಂಬರ್ಗಿಗೊಂದು, ಕೊಲಂಬೊಗೊಂದು. ಒಟ್ಟು ಆರು ಎಂದು ನನ್ನ ನೆನಪು. ತಂಗಿ ನಾಲ್ಕೇ ಎನ್ನುತ್ತಾಳೆ. ಇರಬಹುದು. ನನ್ನ ನೆನಪು ಖಾಲಿ ಗೋಡೆ ಕಂಡರೆ ಮೊಳೆ ಹೊಡೆಯುತ್ತದೆ.

"ಮಾವಾ, ಕೊಲಂಬೊಕ್ಕೂ ನಮಗೂ ಒಂದ ಟೈಮ್ ಅಲ್ಲೇನು?" ಎಂದು ಒಮ್ಮೆ ಕೇಳಿದ್ದೆ.

"ಒಂದ ಇದ್ರ ಏನಾತು? ಅವ್ರ ಟೈಮು ಅವ್ರಿಗೆ ಇರ್ಲಿ. ಹಂಗ ಮತ್ತೊಬ್ಬರ ಟೈಮ್ ಮುಟ್ಟಬಾರದು ಯವ್ವಾ."

ಗಡಿಯಾರದ ವ್ಯತ್ಯಾಸ ಪರದೇಶಕ್ಕಷ್ಟೇ ಎಂದು ಅವನಿಗೆ ಯಾರು ಹೇಳಬೇಕು? ತಂಗಿಯ ಮದುವೆಯ ಮುಹೂರ್ತ ಒಂಬತ್ತೂವರೆಗೆ. "ರಾಣೇಬೆನ್ನೂರು ನಮಗಿಂತ ಒಂದ್ ತಾಸು ಹಿಂದ, ಹಾವೇರಿ ಅರ್ಧ ತಾಸು ಹಿಂದ," ಎಂದು ಲೆಕ್ಕ ಹಾಕಿ, ರಾಣೇಬೆನ್ನೂರಿನ ಬೀಗರಿಗೆ ಎಂಟೂವರೆ, ಹಾವೇರಿಯವರಿಗೆ ಒಂಬತ್ತು ಎಂದು ಹೇಳಿಬಂದ. ಏನಾಶ್ಚರ್ಯ! ಎಲ್ಲರೂ ಒಂಬತ್ತೂವರೆಗೆ ಸರಿಯಾಗಿ ಹಾಜರು. ವಧುವಿನ ಹಿಂದೆ ನಿಲ್ಲಬೇಕಾದ ಸೋದರಮಾವನೇ ಇಲ್ಲ! ಏದುಸಿರು ಬಿಡುತ್ತ ಓಡಿಬಂದವನನ್ನು ಅವನ ಹೆಂಡತಿ, ನಮ್ಮ ಅತ್ತೆ, ಮಂಟಪದಲ್ಲೇ ಹಿಡಿದಳು. "ಊರ ಮಂದಿಗೆಲ್ಲಾ ಟೈಮ್ ಕೂಡ್ಸಿ ಕಳದು ಹೇಳಿದ್ರಿ. ನಿಮಗ ಹೇಳಾವ್ರು ಯಾರೂ ಸಿಗಲಿಲ್ಲೇನ್ರಿ?"

ಈ ಅತ್ತೆಯ ಕೈಯಲ್ಲೇ ನಾನು ಬೆಳೆದದ್ದು. ಶಾಲೆಗೆ ಹೋಗುವಾಗ ಜಡೆ ಹೆಣೆದವಳು ಅವಳೇ, ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ.

ಮುಂದೆ ನಾನು ಎರಡು ವರ್ಷ ಪಾಠ ಹೇಳಲು ಹ್ಯಾಂಬರ್ಗಿಗೆ ಹೋದೆ. ಚಳಿಗಾಲದಲ್ಲಿ ಅದು ನಮಗಿಂತ ನಾಲ್ಕೂವರೆ ತಾಸು ಹಿಂದೆ. ಮಾವನ ಸೂತ್ರ ಸರಳ: "ನಾಕ್ ತಾಸು ಕಳಿ. ಆಮ್ಯಾಲ ಬ್ಯಾಡಗ್ಯಾಗ ಪ್ಯಾಸೆಂಜರ್ ಗಾಡಿ ಹತ್ತಿ ಅರ್ಧ ತಾಸಿಗೆ ರಾಣೇಬೆನ್ನೂರಾಗ ಇಳಿ. ಬಂತು ಹ್ಯಾಂಬರ್ಗ್!" ಅಲ್ಲಿ ಬೆಳಗಿನ ಏಳು ಹೊಡೆಯುವುದೇ ತಡ, ಅವನ ಫೋನು. ಒಂದು ದಿನ ಮಾತ್ರ ಏಳೂವರೆಗೆ ಬಂತು.

"ಯಾಕ ಮಾವಾ, ತಡಾ?"

"ಗಾಡಿ ಲೇಟಿತ್ತವ್ವಾ!"

ಫೋನು ಬಂದರೆ ಒಂದು ತಾಸು. ಕಾಯಿಯ ಬಣ್ಣ, ಎದುರಂಗಡಿಯವನ ಹಲ್ಲುನೋವು, ನಡುನಡುವೆ ಅತ್ತೆಯ ಬೈಗುಳ. ಏಳರಿಂದ ಎಂಟು ನನ್ನ ಕೈತಪ್ಪಿತು. ಸುಮ್ಮನೆ ಕೂತು ಚಹಾ ಕುಡಿಯುವ ಒಂದು ತಾಸು ಬೇಕಿತ್ತು ನನಗೆ. ಅಷ್ಟೇ.

ಬೇಸಿಗೆ ಬಂದರೆ ಆ ದೇಶದಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ಇದು ಮಾವನಿಗೂ ಗೊತ್ತಿತ್ತು. ಆ ದಿನ ಬಂದಾಗ ನಾನು ಒಂದೇ ಒಂದು ಸುಳ್ಳು ಹೇಳಿದೆ. "ಈ ವರ್ಷ ಇಲ್ಲೆ ಗಡಿಯಾರ ಬದಲ ಮಾಡಲಿಲ್ಲ ಮಾವಾ."

"ಛಲೋ ಆತು ಬಿಡು! ಸೂರ್ಯಾನ್ನ ಕೇಳದ ಮುಳ್ಳು ತಿರುವಿದ್ರ ಅಂವಗ ಸಿಟ್ಟು ಬರೂದಿಲ್ಲೇನು?"

ಅಂದಿನಿಂದ ಅವನ ಏಳು ನನಗೆ ಎಂಟಾಯಿತು. ಎಂಟಕ್ಕೆ ನಾನು ಬಸ್ ನಿಲ್ದಾಣದಲ್ಲಿರುತ್ತಿದ್ದೆ. "ಬಸ್ ಬಂತು ಮಾವಾ, ಇಡ್ತೇನಿ!" ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಎಂಥ ಜಾಣೆ ನಾನು!

ಜೂನಿನಲ್ಲಿ ಅತ್ತೆಗೆ ಹಾವೇರಿಯ ಆಸ್ಪತ್ರೆಯಲ್ಲಿ ಆಪರೇಷನ್. ನನಗೆ ಯಾರೂ ಹೇಳಿರಲಿಲ್ಲ, ಗಾಬರಿಯಾದೇನೆಂದು. ಆ ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ದಾಣದಲ್ಲಿ ಫೋನು ಬಂತು.

"ನಿಮ್ಮತ್ತಿನ್ನ ಈಗ ಒಳಗ ಕರ್ಕೊಂಡು ಹೋದ್ರವ್ವಾ. ಹತ್ತೂವರಿಂದ ಕೇಳಾಕತ್ತಿದ್ಲು, ಅಕಿಗೊಂದು ಫೋನ್ ಹಚ್ಚಿ ಕೊಡ್ರಿ ಅಂತ. ಅಲ್ಲೆ ಇನ್ನ ಆರು ಆಗೇತಿ, ಮಲಗಿರ್ತಾಳ, ಒಂದ್ ತಾಸು ತಡಿ ಅಂದೆ."

ನಮ್ಮ ಹತ್ತೂವರೆಗೆ ಅಲ್ಲಿ ಏಳು. ನಾನು ಎದ್ದು, ಕಿಟಕಿಯ ಬಳಿ ಕೂತು, ನನ್ನದೇ ಆದ ಆ ತಾಸಿನಲ್ಲಿ ಚಹಾ ಕುಡಿಯುತ್ತಿದ್ದೆ.

ಒಳಗೆ ಹೋದ ಅತ್ತೆ ಉಸಿರಾಡುತ್ತ ಹೊರಗೆ ಬರಲಿಲ್ಲ.

ಊರಿಗೆ ಬಂದೆ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ, ನಿಜ ಹೇಳಿಬಿಡಬೇಕೆಂದು ಅಂಗಡಿಗೆ ಹೋದೆ. ಗೋಡೆ ನೋಡಿ ನಿಂತುಬಿಟ್ಟೆ. ಹ್ಯಾಂಬರ್ಗಿನ ಗಡಿಯಾರಗಳು ಎರಡು! ಒಂದರ ಕೆಳಗೆ ಗಿರಾಕಿಯ ಹೆಸರು. ಅದರಲ್ಲಿ ಏಳು. ಇನ್ನೊಂದರ ಕೆಳಗೆ ಮಾವನ ವಕ್ರ ಅಕ್ಷರದಲ್ಲಿ ನನ್ನ ಹೆಸರು. ಅದರಲ್ಲಿ ಆರು.

ಗಿರಾಕಿ ಸರಿಯಾದ ಹೊತ್ತು ಹೇಳಿದ್ದ. ಮಾವನಿಗೆ ನನ್ನ ಸುಳ್ಳು ಗೊತ್ತಿತ್ತು. ಯಾವಾಗಿನಿಂದ? ಅತ್ತೆ ಹೋದ ಮೇಲೆ ಗೊತ್ತಾಯಿತೋ, ಮೊದಲೇ ಗೊತ್ತಿದ್ದೂ ನನ್ನ ತಾಸನ್ನು ಮುಟ್ಟಬಾರದೆಂದು ಅವಳನ್ನು ಕಾಯಿಸಿದನೋ? ಕೇಳುವ ಧೈರ್ಯ ನನಗೆ ಅಂದೂ ಬರಲಿಲ್ಲ, ಇಂದೂ ಇಲ್ಲ. ಆಗ ಅಂಗಡಿಯಲ್ಲಿ ಸರಿಯಾಗಿ ಹತ್ತೂವರೆಯೇ ಆಗಿತ್ತೆ? ಇಷ್ಟು ಅಚ್ಚುಕಟ್ಟಾಗಿ ಯಾವುದೂ ನಡೆಯುವುದಿಲ್ಲ. ನನ್ನನ್ನು ಪೂರ್ತಿ ನಂಬಬೇಡಿ. ಆದರೆ ಆ ಎರಡು ಗಡಿಯಾರಗಳನ್ನು ನಂಬಿ. ಅವು ಇನ್ನೂ ಅಲ್ಲೇ ಇವೆ.

"ಮಾವಾ, ನಿನಗೊಂದು ಮಾತು ಹೇಳ್ಬೇಕು," ಎಂದೆ.

ಅವನು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, ನನ್ನ ಹೆಸರಿನ ಗಡಿಯಾರದಲ್ಲಿ ಹೊತ್ತು ನೋಡಿದ.

"ನಿನ್ನ ಟೈಮ್‌ನ್ಯಾಗ ಇನ್ನ ಆರು ಯವ್ವಾ. ನೀ ಇನ್ನ ಎದ್ದಿಲ್ಲ," ಎಂದ. "ಮಲಕೋ. ಎದ್ದ ಮ್ಯಾಲೆ ಹೇಳಂತಿ."