ನನ್ನ ಗಂಡನ ಎದೆಗೆ ಬದಲಿ ಬಂದ ಪಂಪಿನವರಿಗೆ

ನಾಲ್ಕನೇ ಹಾಸಿಗೆಯ ಪಕ್ಕ ಊಟ-ನಿದ್ದೆಯಿಲ್ಲದೆ ದುಡಿದ ಮಾನ್ಯ ಪಂಪು ಮಹಾಶಯರೇ,

ತೀವ್ರ ನಿಗಾ ಘಟಕದ ಗಾಜಿನಾಚೆಯಿಂದ ಏಳು ದಿನ ತಮ್ಮ ದರ್ಶನ ಪಡೆದ ಫಾತೋರ್ಡಾದ ಹೊಲಿಗೆಯವಳು ಶೈಲಾ ಸವಿನಯವಾಗಿ ಸಲ್ಲಿಸುವ ದೂರು ಏನೆಂದರೆ:

ನನ್ನ ಗಂಡ ಭೀಮಶಿ ಮುರ್ಮುಗಾಂವ್ ಬಂದರಿನಲ್ಲಿ ಮೂಟೆ ಹೊರುವವರು. ಎಡಗಾಲು ಬಾತಾಗ ಆಸ್ಪತ್ರೆಗೆ ಕರೆದರೆ "ಏನೂ ಆಗೂದಿಲ್ಲ ತಗಿ" ಎಂದು ಕೆಲಸಕ್ಕೆ ಹೋದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೇರಿ ದಾರಿ ಮುಚ್ಚಿತು. ಅತ್ತ ರಕ್ತ ತಳ್ಳಬೇಕಾದ ಗುಂಡಿಗೆಯ ಬಲಭಾಗ ಸೋತುಹೋಯಿತು. ಹೆಪ್ಪು ತೆಗೆದ ಮೇಲೂ ಅದು ಚೇತರಿಸಿಕೊಳ್ಳದಿದ್ದಾಗ ಡಾಕ್ಟರರು ಕುತ್ತಿಗೆಯ ರಕ್ತನಾಳದಿಂದ ತಮ್ಮ ಕೊಳವೆ ಇಳಿಸಿದರು. ನಮ್ಮ ಬಾಗಲಕೋಟೆ ಕಡೆಯ ನರ್ಸ್ ರೇಣು ಹೇಳಿದಳು: "ಅಕ್ಕಾ, ಬಲಗಡಿಗೆ ರಜಾ ಕೊಟ್ಟೇವ್ರಿ. ಅದು ಸುಧಾರಿಸೋ ತನಕ ಈ ಪಂಪ ಬದಲಿ ದುಡಿತೈತಿ."

ಹತ್ತೊಂಬತ್ತು ವರ್ಷ ನಾನು ಗಂಟಲು ಹರಿದುಕೊಂಡರೂ ಒಂದು ಕಡೆ ಕೂರದ ಮನುಷ್ಯ, ತಾವು ಕುಂಯ್ ಎಂದೊಡನೆ ತೆಪ್ಪಗೆ ಬಿದ್ದುಕೊಳ್ಳುತ್ತಿದ್ದರಲ್ಲ, ಆ ವಿದ್ಯೆಗೆ ನನ್ನ ಸಾಷ್ಟಾಂಗ. ಆದರೆ ಮೂರನೇ ದಿನ ಎಚ್ಚರವಾಗಿ, ನನ್ನನ್ನು ನೋಡಲೆಂದು ಅವರು ಕುತ್ತಿಗೆ ತಿರುಗಿಸಿದ್ದಕ್ಕೆ ತಾವು ಕಿರುಚಿ ವಾರ್ಡಿನವರನ್ನೆಲ್ಲ ಓಡಿ ಬರುವಂತೆ ಮಾಡಿದಿರಿ. ಗಂಡ ಹೆಂಡತಿಯ ಮುಖ ನೋಡಲಿಕ್ಕೂ ತಮ್ಮ ಅಪ್ಪಣೆ ಬೇಕೇ?

ಐದನೇ ದಿನ, ಗುಂಡಿಗೆ ತಾನೇ ದುಡಿಯುತ್ತದೆಯೇ ಎಂದು ಡಾಕ್ಟರರು ತಮ್ಮ ವೇಗ ತಗ್ಗಿಸಿ ನೋಡಿದರು. ರಕ್ತದೊತ್ತಡ ಕುಸಿಯಿತು, ಗಡಿಬಿಡಿಯಲ್ಲಿ ಮತ್ತೆ ಏರಿಸಿದರು. ಆಗ ತಮ್ಮನ್ನು ಬೈದ ಇದೇ ಬಾಯಿಂದ, ಗಾಜಿಗೆ ಹಣೆ ಹಚ್ಚಿ, "ಬಿಡಬ್ಯಾಡಪ್ಪಾ, ಇನ್ನೊಂದೆರಡು ದಿನ ದುಡಿ" ಎಂದು ಬೇಡಿಕೊಂಡೆ. ಏಕವಚನಕ್ಕೆ ಕ್ಷಮೆಯಿರಲಿ.

ಏಳನೇ ದಿನ ತಗ್ಗಿಸಿದಾಗ ಒತ್ತಡ ಅಲುಗಲಿಲ್ಲ. ತಮ್ಮನ್ನು ಬಿಡಿಸಿದರು. ನಾನು ಒಳಗೆ ಹೋಗಿ ಕೈಹಿಡಿದು ಅಳುತ್ತಿದ್ದರೆ ನಮ್ಮ ಯಜಮಾನರು, "ಆ ಪಂಪ ಎಲ್ಲಿ ಹೋತು? ಭಾಳ ಚಲೋ ಇತ್ತು" ಎಂದರು. ನನ್ನ ಬಗ್ಗೆ ಒಂದಕ್ಷರವಿಲ್ಲ!

ಆದ್ದರಿಂದ, ತಮ್ಮ ಕಿರುಚುವ ಭಾಗವನ್ನಾದರೂ ಬಿಚ್ಚಿ ನನಗೆ ಕಳಿಸಿಕೊಡಬೇಕೆಂದು ಪ್ರಾರ್ಥನೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗಿಸಲು ದಿನಾ ಬೇಕಾಗುತ್ತದೆ.

ಹೊಟ್ಟೆಕಿಚ್ಚಿನೊಂದಿಗೆ,
ತಮ್ಮ ವಿಶ್ವಾಸಿ,
ಶೈಲಾ

ತಾ.ಕ.: ಗುಂಡಿಗೆಯ ಎಡಭಾಗಕ್ಕೆ ಬದಲಿ ಹೋಗುವ ಅಣ್ಣನವರೊಬ್ಬರು ತಮಗಿದ್ದಾರೆಂದು ರೇಣು ಹೇಳಿದಳು. ಅವರಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ವಿಳಾಸ ಮಾತ್ರ ತಿಳಿಸಬೇಡಿ.