ಅತ್ತೆಯ ಹಾಡು ಡಿಸ್ಕಿಗಿಳಿದದ್ದು

"ಇನ್ಮೇಲೆ ಈ ಮನೆಯಲ್ಲಿ ಮಸುಕು ಅನ್ನೋದೇ ಇರಲ್ಲ!" ಎಂದು ಶಿಗೇಕಿ ಘೋಷಿಸಿದ. ಮನೆಯಲ್ಲಿ ಅದುವರೆಗೆ ಮಸುಕಿತ್ತು ಎನ್ನುವುದೇ ಯಾರಿಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಚಳಿಗಾಲದ ಬೋನಸ್ಸು ಕೈಗೆ ಬಂದದ್ದೇ ತಡ, ಆತ ತಕಾಓಕಾದ ಪೇಟೆಗೆ ಓಡಿ, ಆಗಷ್ಟೇ ಬಂದಿದ್ದ ಹೈ-ಡೆಫಿನಿಷನ್ ಡಿಸ್ಕ್ ಯಂತ್ರವನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ತಂದಿದ್ದ. ಟೀವಿಯಲ್ಲಿ ಬಂದದ್ದನ್ನು ತನ್ನೊಳಗೆ ರೆಕಾರ್ಡ್ ಮಾಡಿಟ್ಟುಕೊಳ್ಳುವ, ಬೇಕೆಂದರೆ ಡಿಸ್ಕಿಗೆ ಇಳಿಸಿಕೊಡುವ ಮಹಾಯಂತ್ರ! ಆ ಕಾಲಕ್ಕೆ ಎರಡು ಬಗೆಯ ಡಿಸ್ಕುಗಳ ನಡುವೆ ಘೋರ ಯುದ್ಧ ನಡೆದಿತ್ತು; ಒಂದರ ಯಂತ್ರ ಇನ್ನೊಂದರ ಡಿಸ್ಕನ್ನು ಮೂಸಿಯೂ ನೋಡುತ್ತಿರಲಿಲ್ಲ. "ಯಾವುದು ಗೆಲ್ಲುತ್ತೆ?" ಎಂದು ಶಿಗೇಕಿ ಕೇಳಿದ್ದಕ್ಕೆ ಅಂಗಡಿಯವನು ಸೊಂಟ ಬಗ್ಗಿಸಿ, "ತಾವು ತಗೊಂಡಿದ್ದೇ ಸ್ವಾಮಿ" ಎಂದಿದ್ದ. ಇದಕ್ಕಿಂತ ದೊಡ್ಡ ಗ್ಯಾರಂಟಿ ಶಿಗೇಕಿಗೆ ಬೇಕಾಗಿರಲಿಲ್ಲ.

ಯಂತ್ರದ ಗುಣಗಾನ ಎಷ್ಟು ಮಾಡಿದರೂ ಕಡಿಮೆಯೇ. ಆನ್ ಮಾಡಿದರೆ 'ದಯವಿಟ್ಟು ಕಾಯಿರಿ' ಎಂದು ಬಹಳ ಮರ್ಯಾದೆಯಿಂದ ಹೇಳುತ್ತಿತ್ತು. ಶಿಗೇಕಿಯ ಹೆಂಡತಿ ತೊಕಿಕೊ ಅಕ್ಕಿ ತೊಳೆದು, ಕುಕ್ಕರಿಗಿಟ್ಟು, ಕೈ ಒರೆಸಿಕೊಂಡು ಬಂದರೂ ಅದೇ ಮರ್ಯಾದೆಯಿಂದ ಅದನ್ನೇ ಹೇಳುತ್ತಿತ್ತು. ಅವಳು ಆಸೆಪಟ್ಟು ತನ್ನ ಹಾಡಿನ ಸೀಡಿ ಹಾಕಿದಳು. ಯಂತ್ರ ಒಂದಷ್ಟು ಗುರುಗುಟ್ಟಿ ಅದನ್ನು ಹೊರಕ್ಕೆ ತಳ್ಳಿತು.

"ಏನ್ರೀ, ಮದುವೆಯಲ್ಲಿ ತಂದ ಡಬ್ಬಾನೇ ಸೀಡಿ ಹಾಡುತ್ತೆ. ಇದು ಹಾಡಲ್ವಾ?"

"ಇದು ಅಂಥ ಸಣ್ಣಪುಟ್ಟ ಕೆಲಸಕ್ಕೆ ಕೈ ಹಾಕಲ್ಲ ಕಣೇ!"

"ಹಂಗಾದ್ರೆ ಥೇಟ್ ನಿಮ್ಮ ಹಾಗೇ. ಪಾತ್ರೆ ತೊಳೆಯೋದು ಅಂದ್ರೆ ನೀವೂ ಹೀಗೇ ಗುರ್ ಅಂತೀರಿ."

ಯಂತ್ರದ ಪುಣ್ಯವೋ ಪಾಪವೋ, ಆ ಭಾನುವಾರವೇ ಟೀವಿಯವರ ಹಾಡಿನ ಸ್ಪರ್ಧೆ ಊರಿಗೆ ಬಂತು. ಚೆನ್ನಾಗಿ ಹಾಡಿದವರಿಗೆ ಗಂಟೆಗಳ ಸುರಿಮಳೆ. ಕೆಟ್ಟದಾಗಿ ಹಾಡಿದರೆ ನಡುವೆಯೇ ಟಿಣ್ ಎಂದು ಒಂದೇ ಗಂಟೆ, ಮನೆಗೆ ನಡಿ ಎಂದರ್ಥ. ಶಿಗೇಕಿಯ ಅತ್ತೆ, ಎಪ್ಪತ್ತು ದಾಟಿದ ಕಿನು, ನೇರಳೆ ಕಿಮೋನೊ ಉಟ್ಟು ವೇದಿಕೆ ಹತ್ತಿ, ಇಡೀ ದೇಶ ನೋಡುತ್ತಿದ್ದಂತೆ ಒಂದೇ ಗಂಟೆ ಹೊಡೆಸಿಕೊಂಡು ಇಳಿದು ಬಂದರು.

ಸೋತದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಎಷ್ಟು ಹಾಡಿದ ಮೇಲೆ ಗಂಟೆ ಬಿತ್ತು ಎನ್ನುವುದೇ ರಾಮಾಯಣವಾಯಿತು! ಒಂದು ಚರಣ ಪೂರ್ತಿ ಹಾಡಿದೆ ಎಂದು ಕಿನು. ಬಾಯಿ ತೆಗೆದದ್ದೇ ತಡ ಗಂಟೆ ಬಿತ್ತು ಎಂದು ಹಿಂಬದಿಯ ಮನೆಯಾಕೆ ಹಾಮುರೊ. ಓಣಿಯ ಹೆಂಗಸರ ಹಾಡಿನ ಬಳಗಕ್ಕೆ ಕಿನುವೇ ಮೊದಲಿನಿಂದಲೂ ಮುಖ್ಯಸ್ಥೆ. ಆ ಪಟ್ಟದ ಮೇಲೆ ಹಾಮುರೊಗೂ ಮೊದಲಿನಿಂದಲೂ ಕಣ್ಣು. "ಬಾಯಿ ತೆಗೆದ ಕೂಡಲೇ ಗಂಟೆ ತಿಂದವರು ನಮಗೆ ಹಾಡು ಕಲಿಸೋದಾ?" ಎಂದು ಆಕೆ ಓಣಿ ತುಂಬ ಕೇಳಿಕೊಂಡು ಬಂದರು. ಒಂದು ಚರಣವಾದರೂ ಹಾಡಿದ್ದರೆ ಸರಿ, ಇಲ್ಲವಾದರೆ ಕಿನು ಪಟ್ಟ ಬಿಟ್ಟಿಳಿಯಬೇಕು ಎನ್ನುವಲ್ಲಿಗೆ ಮಾತು ಬಂದು ನಿಂತಿತು.

ತೊಕಿಕೊ ಆಗ ವೇದಿಕೆಯ ಹಿಂದೆ ಅಮ್ಮನ ಚಪ್ಪಲಿ ಹಿಡಿದು ನಿಂತಿದ್ದಳು, ಏನೂ ಕೇಳಿಸಿರಲಿಲ್ಲ. ಮನೆಯಲ್ಲಿ ಟೀವಿ ಮುಂದೆ ಕೂತಿದ್ದವನು ಶಿಗೇಕಿ.

"ನೀವು ನೋಡಿದ್ರಲ್ಲ, ಅಮ್ಮ ಎಷ್ಟು ಹಾಡಿದ್ರು?"

"ಕಿಮೋನೊ ತೋಳಿನ ಮೇಲೆ ಕೊಕ್ಕರೆ ಕಸೂತಿ ಇದೆ ನೋಡು, ಅದರ ಕಣ್ಣಿನ ದಾರ ಕೂಡ ಎಳೆ ಎಳೆಯಾಗಿ ಕಾಣಿಸ್ತು!"

"ಹಾಡು, ರೀ, ಹಾಡು!"

"ಹಾಡಿನ ಕಡೆ ಅಷ್ಟು ಗಮನ ಕೊಡಲಿಲ್ಲ."

ಇಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಅವನು ಶಿಗೇಕಿಯೇ ಅಲ್ಲ. ತೋಫು ಅಂಗಡಿಯಲ್ಲಿ ಹಾಮುರೊ ಸಿಕ್ಕಾಗ ಎದೆಯುಬ್ಬಿಸಿ, "ಜಗಳ ಯಾಕೆ? ಎಲ್ಲಾ ನನ್ನ ಯಂತ್ರದಲ್ಲಿದೆ. ಭಾನುವಾರ ಓಣಿಯ ಸಭಾಭವನಕ್ಕೆ ಬನ್ನಿ, ಸತ್ಯ ಹೈ-ಡೆಫಿನಿಷನ್‌ನಲ್ಲಿ ಕಾಣುತ್ತೆ!" ಎಂದು ಡಂಗುರ ಸಾರಿ ಬಂದ.

ಸುದ್ದಿ ಕೇಳಿದ ಕಿನು ಕಿತ್ತಳೆ ಸುಲಿಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು. "ಅಳಿಯಂದಿರಿಗೆ ನನ್ನ ಮೇಲೆ ಎಷ್ಟು ಅಭಿಮಾನ!" ಎಂದರು. ಆಮೇಲೆ ಅವನ ಕಡೆ ತಿರುಗಿ ನೋಡಲಿಲ್ಲ.

"ನಾವು ಈಗಲೇ ಒಂದ್ಸಲ ನೋಡಿಬಿಡೋಣ್ವಾ ಅಮ್ಮ?" ಎಂದಳು ತೊಕಿಕೊ.

"ಬೇಡ ಬೇಡ. ಅಂಥದ್ದನ್ನೆಲ್ಲ ಎಲ್ಲರ ಜೊತೆ ನೋಡಿದ್ರೇನೇ ಚಂದ."

ಶನಿವಾರ ಮಧ್ಯಾಹ್ನ ಶಿಗೇಕಿ ಅತ್ತೆಯ ಹಾಡನ್ನು ಡಿಸ್ಕಿಗಿಳಿಸಲು ಕೂತ. ಆಗಿನ ಕಟ್ಟಳೆ ಹೇಗಿತ್ತೆಂದರೆ, ಟೀವಿಯಿಂದ ಹಿಡಿದದ್ದನ್ನು ನಕಲು ಮಾಡುವಂತಿಲ್ಲ, ಬರೀ ಸಾಗಿಸಬಹುದು. ಡಿಸ್ಕಿಗೆ ಇಳಿದಷ್ಟೂ ಯಂತ್ರದೊಳಗಿಂದ ಅಳಿಯುತ್ತ ಹೋಗುತ್ತದೆ. ಶಿಗೇಕಿ ದೇವರ ಪೂಜೆಗೆ ಕೂತವನ ಗಾಂಭೀರ್ಯದಿಂದ ಬಟನ್ ಒತ್ತಿದ.

"ಈ ಡಿಸ್ಕು ಸಭಾಭವನದ ಪ್ಲೇಯರಲ್ಲಿ ಓಡುತ್ತಾ?" ತೊಕಿಕೊ ಕೇಳಿದಳು.

"ಛೆ, ಆ ಹಳೇ ಡಬ್ಬಕ್ಕೆ ಇದೆಲ್ಲ ಅರ್ಥ ಆಗಲ್ಲ. ನಮ್ಮ ಯಂತ್ರಾನೇ ಹೊತ್ಕೊಂಡು ಹೋಗ್ತೀನಿ."

"ಯಂತ್ರಾನೇ ಹೊತ್ಕೊಂಡು ಹೋಗೋದಾದ್ರೆ ಡಿಸ್ಕು ಯಾಕ್ರೀ?"

ಶಿಗೇಕಿ ಬಟನ್ ಕಡೆ ನೋಡಿದ. ಅದನ್ನು ಆಗಲೇ ಒತ್ತಿ ಆಗಿತ್ತು!

"ಈಗ ನಡುವೆ ನಿಂತರೆ ಎಲ್ಲಾ ಹೋಗುತ್ತೆ. ಯಾರೂ ಏನೂ ಮುಟ್ಟಬೇಡಿ!" ಎಂದು ಇಡೀ ಮನೆಗೆ ಕೇಳುವಂತೆ ಕೂಗಿದ.

ಆ ಮನೆಗೆ ಬರುವ ಕರೆಂಟೇ ಅಷ್ಟಕ್ಕಷ್ಟೆ. ಅಡುಗೆಮನೆಯಲ್ಲಿ ಕುಕ್ಕರು, ಕೋಣೆಯಲ್ಲಿ ರಜಾಯಿ ಹೊದ್ದ ಕೊತಾತ್ಸು ಮೇಜಿನ ಕೆಳಗೆ ಹೀಟರು. ಇವುಗಳ ಮೇಲೆ ಇನ್ನೊಂದೇನಾದರೂ ಹಾಕಿದರೆ ಮೇನ್ ಸ್ವಿಚ್ಚು ಟಪ್ ಎಂದು ಬೀಳುತ್ತಿತ್ತು. ಅದಕ್ಕೇ ಅಲ್ಲೊಂದು ಪದ್ಧತಿ. ಯಾರೇ ಏನೇ ಹಾಕುವ ಮುಂಚೆ "ಮೈಕ್ರೋವೇವ್ ಹಾಕ್ತೀನಿ!" ಎಂದೋ "ಡ್ರೈಯರ್ ಹಾಕ್ತೀನಿ!" ಎಂದೋ ಕೂಗಬೇಕು, ಕೊತಾತ್ಸುವಿನಲ್ಲಿ ಕಾಲು ಬೆಚ್ಚಗೆ ಮಾಡಿಕೊಂಡು ಕೂತವರು ಶಪಿಸುತ್ತ ಹೀಟರ್ ಆರಿಸಬೇಕು. ಈ ಪದ್ಧತಿಯನ್ನು ಜಾರಿಗೆ ತಂದವರೇ ಕಿನು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರೂ ಅವರೇ.

ಆ ಮಧ್ಯಾಹ್ನ ಮಾತ್ರ ಬಚ್ಚಲಿನಿಂದ ಯಾವ ಕೂಗೂ ಬರಲಿಲ್ಲ. 'ಭರ್ರ್' ಎಂದು ಕೂದಲೊಣಗಿಸುವ ಡ್ರೈಯರಿನ ಸದ್ದೊಂದೇ ಬಂತು. ಹಿಂದೆಯೇ ಟಪ್! ಮನೆಯೆಲ್ಲ ಗಪ್‌ಚಿಪ್.

ಶಿಗೇಕಿ ಓಡಿಹೋಗಿ ಸ್ವಿಚ್ಚನ್ನು ಮೇಲೆತ್ತಿ, 'ದಯವಿಟ್ಟು ಕಾಯಿರಿ' ಎಂಬ ಮರ್ಯಾದೆಯನ್ನೆಲ್ಲ ನುಂಗಿಕೊಂಡು ಕಾದ. ಡಿಸ್ಕನ್ನು ಓದಲಾಗುತ್ತಿಲ್ಲ ಎಂದಿತು ಯಂತ್ರ. ಒಳಗೆ ಅಳಿಯದೆ ಉಳಿದದ್ದನ್ನು ಓಡಿಸಿ ನೋಡಿದರೆ, ಅದು ಶುರುವಾದದ್ದೇ 'ಟಿಣ್' ಎಂದು! ಅದರ ಬೆನ್ನಿಗೇ ಪರದೆ ತುಂಬ ಅತ್ತೆಯ ತೆರೆದ ಬಾಯಿ. ಕಟ್ಟಿಸಿಕೊಂಡ ದವಡೆ ಹಲ್ಲು ಕೂಡ ಥಳಥಳ ಹೊಳೆಯುತ್ತಿತ್ತು.

"ಮಸುಕಂತೂ ಇಲ್ಲ ಬಿಡಿ" ಎಂದಳು ತೊಕಿಕೊ.

ಶಿಗೇಕಿ ಅತ್ತೆಯ ಮುಂದೆ ಮಂಡಿಯೂರಿ, ಹಣೆಯನ್ನು ಚಾಪೆಗೆ ಹಚ್ಚಿದ. "ಅತ್ತೆ, ಹಾಡು ಹೋಯ್ತು. ಗಂಟೆ ಮಾತ್ರ ಉಳೀತು."

ಅರ್ಧ ಒಣಗಿದ ತಲೆಯಲ್ಲೇ ಕಿನು ಅವನ ಬೆನ್ನು ಸವರಿದರು. "ಪಾಪ, ಹೋಗ್ಲಿ ಬಿಡಿ. ಯಂತ್ರಕ್ಕೇನೂ ಪೆಟ್ಟಾಗಿಲ್ವಲ್ಲ?" ಎಂದರು. ಊಟಕ್ಕೆ ಕೂತಾಗ ಬಿಸಿಬಿಸಿ ಓದೆನ್ ಸಾರಿನ ಮೂಲಂಗಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ಎಂಥ ದೊಡ್ಡ ಮನಸ್ಸು ಎಂದು ಶಿಗೇಕಿಯ ಕಣ್ಣು ತುಂಬಿ ಬಂತು.

ಭಾನುವಾರ ಸಭಾಭವನದಲ್ಲಿ, ಬಳಗದ ಅಷ್ಟೂ ಹೆಂಗಸರ ಮುಂದೆ ಅವನು ಸೊಂಟ ಮುರಿಯುವಷ್ಟು ಬಗ್ಗಿ ತಪ್ಪೊಪ್ಪಿಕೊಂಡ. "ಎಲ್ಲಾ ನನ್ನಿಂದಲೇ ಅಳಿಸಿಹೋಯ್ತು, ಕ್ಷಮಿಸಿ!"

"ಬೈಯಬೇಡಿ ಪಾಪ" ಎಂದು ಕಿನು ನಿಟ್ಟುಸಿರಿಟ್ಟರು. "ಎರಡನೇ ಚರಣ ಅರ್ಧ ಆಗಿತ್ತು, ಏನು ಚೆನ್ನಾಗಿ ಬಂದಿತ್ತು ಅಂತೀರಿ! ಏನ್ಮಾಡೋದು, ತೋರಿಸೋ ಯೋಗ ಇಲ್ಲ." ಚಹಾದ ಇನ್ನೊಂದು ಸುತ್ತು ಬರುವ ಹೊತ್ತಿಗೆ ಆ ಎರಡನೇ ಚರಣವೂ ಪೂರ್ತಿಯಾಗಿತ್ತು. ಹೆಂಗಸರೆಲ್ಲ ಲೊಚಗುಟ್ಟುತ್ತ ಶಿಗೇಕಿಯನ್ನು ಕೊಲೆಗಾರನನ್ನು ನೋಡುವ ಹಾಗೆ ನೋಡಿದರು.

ಹಾಮುರೊ ಮಾತ್ರ ಮೂಗು ಮುರಿದರು. "ಇಷ್ಟಕ್ಕೇ ಮುಗೀತು ಅಂದ್ಕೋಬೇಡಿ. ಕಾನಾಜಾವಾದಲ್ಲಿ ನಮ್ಮಣ್ಣನ ಮಗ ಇದನ್ನ ಟೇಪಲ್ಲಿ ಹಿಡಿದಿಟ್ಟಿದಾನೆ. ನಾಳೇನೇ ತರಿಸ್ತೀನಿ!"

ಎಲ್ಲರ ಕಣ್ಣೂ ಕಿನುವಿನ ಮೇಲೆ. ಅವರು ಚಹಾದ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ನಗುನಗುತ್ತ ಹೇಳಿದರು:

"ತರಿಸಿ, ಖಂಡಿತ ತರಿಸಿ. ನಮ್ಮ ಅಳಿಯಂದಿರ ಕೈಗೆ ಕೊಡಿ, ಡಿಸ್ಕಿಗೆ ಹಾಕಿಕೊಡ್ತಾರೆ."